ಸೂರ್ಯನೊಳಗೆ ಹಿಡಿಸುವ ಜೋಡಿ



ಕನ್ಯಾ ರಾಶಿಯ ದಿಕ್ಕಿನಲ್ಲಿ ಎಚ್‌ಡಬ್ಲ್ಯು ವರ್ಜಿನಿಸ್ ಎಂಬ ಜೋಡಿ ನಕ್ಷತ್ರವಿದೆ. ಬರಿಗಣ್ಣಿಗೆ ಕಾಣದು. ಇವತ್ತು ಮಾತಿಗೆ ಅದನ್ನೇ ಆರಿಸಿಕೊಂಡೆ; ಬಿಸಿ ಉಪಕುಬ್ಜ ನಕ್ಷತ್ರಗಳು ಹುಟ್ಟುವ ಬಗೆಯನ್ನು ಅಷ್ಟು ನಿಚ್ಚಳವಾಗಿ ಹೇಳುವ ಜೋಡಿ ಅದು.

ಅದರಲ್ಲಿ ಒಂದು ಉಪಕುಬ್ಜ. ಮೇಲ್ಮೈ ತಾಪ ಸುಮಾರು 28,500 ಕೆಲ್ವಿನ್, ಅಂದರೆ ಸೂರ್ಯನದರ ಹೆಚ್ಚುಕಡಿಮೆ ಐದು ಪಟ್ಟು. ದ್ರವ್ಯರಾಶಿ ಸೂರ್ಯನ ಅರ್ಧದಷ್ಟು, ವ್ಯಾಸ ಐದನೇ ಒಂದು ಭಾಗವೂ ಇಲ್ಲ. ಇನ್ನೊಂದು ಮಂಕು ಕೆಂಪು ಕುಬ್ಜ. ವ್ಯಾಸದಲ್ಲಿ ಬಹುತೇಕ ಅಷ್ಟೇ. ಇವು 2 ಗಂಟೆ 48 ನಿಮಿಷಕ್ಕೊಂದು ಸುತ್ತು ಮುಗಿಸುತ್ತವೆ. ಕೆಂಪು ಕುಬ್ಜದ ಒಂದು ಮೈ ಸದಾ ಉಪಕುಬ್ಜದ ಕಡೆಗಿದ್ದು, ಕಾದು ಬೆಳಗುತ್ತದೆ. ಆ ಮೈ ನಮ್ಮ ಕಡೆ ತಿರುಗುತ್ತ ಬಂದಂತೆ ಜೋಡಿಯ ಬೆಳಕು ಏರುತ್ತದೆ. ಏರಿದ ತುದಿಯಲ್ಲೇ ಕೆಂಪು ಕುಬ್ಜ ಉಪಕುಬ್ಜದ ಹಿಂದೆ ಮರೆಯಾಗಿ ಸಣ್ಣದೊಂದು ಗ್ರಹಣ. ಅರ್ಧ ಸುತ್ತು ಕಳೆದ ಮೇಲೆ ಆಳವಾದ ಇನ್ನೊಂದು. ಅಳತೆಗಳು ಸಿಗಲು ಈ ಗ್ರಹಣಗಳು ನೆರವಾಗಿವೆ. ಎರಡರ ನಡುವಿನ ದೂರ ಸೂರ್ಯನ ತ್ರಿಜ್ಯಕ್ಕಿಂತ ಕಡಿಮೆ!

ತೊಡಕಿರುವುದು ಇಲ್ಲೇ. ಉಪಕುಬ್ಜದ ಒಡಲಲ್ಲಿ ಉರಿಯುತ್ತಿರುವುದು ಹೀಲಿಯಂ. ಸೂರ್ಯನಂಥ ನಕ್ಷತ್ರದಲ್ಲಿ ಹೀಲಿಯಂ ಹೊತ್ತಿಕೊಳ್ಳಬೇಕಾದರೆ ಅದು ಮೊದಲು ಕೆಂಪು ದೈತ್ಯವಾಗಿ ನೂರು ಪಟ್ಟಿಗೂ ಮಿಕ್ಕಿ ಉಬ್ಬಬೇಕು. ಹಾಗಾದರೆ ಕೆಂಪು ಕುಬ್ಜ ಈಗಿರುವ ಜಾಗ ಒಂದು ಕಾಲಕ್ಕೆ ಆ ದೈತ್ಯನ ಹೊಟ್ಟೆಯೊಳಗೇ ಇತ್ತು!

ನಡೆದದ್ದೂ ಅದೇ. ದೈತ್ಯ ಉಬ್ಬಿ ಸಂಗಾತಿಯನ್ನು ನುಂಗಿತು. ಒಂದೇ ಹೊದಿಕೆಯೊಳಗೆ ಸಂಗಾತಿ ಸುತ್ತುತ್ತ ಒಳಕ್ಕಿಳಿಯಿತು. ಆಗ ಕಕ್ಷೆ ಕಳೆದುಕೊಂಡ ಶಕ್ತಿಯೇ ಜಲಜನಕದ ಹೊದಿಕೆಯನ್ನು ಆಚೆಗೆ ತಳ್ಳಿತು. ಈ ಬಗೆಯ ಪ್ರಕ್ರಿಯೆಯನ್ನು 1976ರಲ್ಲಿ ಪೋಲೆಂಡಿನ ಬೋಹ್ದಾನ್ ಪಚಿನ್ಸ್ಕಿ ವಿವರಿಸಿದ್ದರು. ಉಳಿದದ್ದು ತೆಳು ಜಲಜನಕದ ಪೊರೆ ಹೊದ್ದ ಬೆತ್ತಲೆ ತಿರುಳು. ಅದು ಸುಮಾರು ಹತ್ತು ಕೋಟಿ ವರ್ಷ ಹೀಲಿಯಂ ಉರಿಸಿ ಕೊನೆಗೆ ಶ್ವೇತ ಕುಬ್ಜವಾಗುತ್ತದೆ.

ಎಲ್ಲ ಜೋಡಿಗಳದೂ ಇದೇ ದಾರಿಯಲ್ಲ. ಸಂಗಾತಿ ಸೂರ್ಯನಷ್ಟು ತೂಕದ್ದಾದರೆ ದೈತ್ಯ ತನ್ನ ಜಲಜನಕವನ್ನು ನಿಧಾನವಾಗಿ ಅದಕ್ಕೆ ಸುರಿದುಬಿಡಬಹುದು. ಅಂಥ ಜೋಡಿಗಳಿಗೆ ಒಂದು ಸುತ್ತಿಗೆ ವರ್ಷ, ಎರಡು ವರ್ಷವೇ ಬೇಕು. ಒಂಟಿ ಉಪಕುಬ್ಜಗಳೂ ಇವೆಯಲ್ಲ ಎನ್ನುತ್ತೀರಾ? ಎರಡು ಹೀಲಿಯಂ ಶ್ವೇತ ಕುಬ್ಜಗಳು ಗುರುತ್ವ ಅಲೆಗಳಲ್ಲಿ ಶಕ್ತಿ ಸೋರಿಸುತ್ತ ಹತ್ತಿರವಾಗಿ, ಕೂಡಿ ಒಂದಾದರೆ ಹಾಗಾಗುತ್ತದೆ. ನನಗೆ ಅತ್ಯಂತ ಸೋಜಿಗ ಇದೇ: ಒಂಟಿಯಾಗಿ ಕಾಣುವುದೂ ಒಂದು ಜೋಡಿಯಿಂದಲೇ ಬಂದಿರಬಹುದು.

ಉಪಕುಬ್ಜಗಳ ಬೆಳಕಿನ ಬಹುಪಾಲು ನೇರಳಾತೀತ. ವಾತಾವರಣ ಅದನ್ನು ತಡೆಯುವುದರಿಂದ ದೂರದರ್ಶಕ ಬಾಹ್ಯಾಕಾಶದಲ್ಲಿರಬೇಕು. 2015ರಲ್ಲಿ ಹಾರಿದ ಭಾರತದ ಉಪಗ್ರಹ ಆಸ್ಟ್ರೋಸ್ಯಾಟ್‌ನ ನೇರಳಾತೀತ ದೂರದರ್ಶಕವನ್ನು ಜೋಡಿಸಿದ್ದು ನಮ್ಮ ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲಿ. ಹಳೆಯ ಗೋಳೀಯ ನಕ್ಷತ್ರಗುಚ್ಛಗಳಲ್ಲಿ ಇಂಥ ಬಿಸಿ ನಕ್ಷತ್ರಗಳನ್ನು ಅದು ಬೇರ್ಪಡಿಸಿ ತೋರಿಸಿದೆ. ಎನ್‌ಜಿಸಿ 6752ರಂಥ ಗುಚ್ಛಗಳಲ್ಲಿ ಮಾತ್ರ ಹತ್ತಿರದ ಜೋಡಿಗಳು ತೀರಾ ವಿರಳ. ಹುಟ್ಟುವಾಗಲೇ ಹೀಲಿಯಂ ಹೆಚ್ಚಾಗಿದ್ದ ನಕ್ಷತ್ರಗಳು ಅಲ್ಲಿ ಸಂಗಾತಿಯ ಹಂಗಿಲ್ಲದೆ ಹೀಗಾದವೇ, ಅಥವಾ ಜೋಡಿಗಳೇ ಕೂಡಿಹೋದವೇ ಎಂಬ ಚರ್ಚೆ ಇನ್ನೂ ನಡೆದಿದೆ.