ನಡುಹಗಲಿನ ಬಿಸಿಲು, ಮುಪ್ಪಿನ ಎಲುಬು

ಭೂಸನೂರ, ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ. ಇಂಥ ನಾಡಿನ ಹಿರಿಯರಿಗೂ ಬಿಸಿಲಿನಿಂದ ಸಿಗುವ ವಿಟಮಿನ್ ಡಿ ಸಾಲದೆ ಬರಬಹುದು ಎಂದರೆ ನಂಬುವುದು ಕಷ್ಟ. ಆದರೆ ಮೈಗೆ ಬೇಕಾದದ್ದು ಬಿಸಿಲಿನ ಕಾವಲ್ಲ, ಅದರೊಳಗಿನ 290ರಿಂದ 315 ನ್ಯಾನೊಮೀಟರ್ ತರಂಗಾಂತರದ ಅತಿನೇರಳೆ ಕಿರಣ. ಆ ಕಿರಣ ತಾಗಿದಾಗ ಚರ್ಮದಲ್ಲಿ ವಿಟಮಿನ್ ಡಿ ಹುಟ್ಟುತ್ತದೆ; ಯಕೃತ್ತಿನಲ್ಲಿ ಒಮ್ಮೆ, ಮೂತ್ರಪಿಂಡದಲ್ಲಿ ಇನ್ನೊಮ್ಮೆ ಮಾರ್ಪಟ್ಟು ಹಾರ್ಮೋನಾಗಿ ಕೆಲಸಕ್ಕಿಳಿಯುತ್ತದೆ. ಎಳೆಬಿಸಿಲೇ ಒಳ್ಳೆಯದೆಂಬ ಮಾತು ಮನೆಮನೆಯಲ್ಲಿದೆ. ಆದರೆ ಸೂರ್ಯ ಕೆಳಗಿದ್ದಾಗ ಈ ಕಿರಣಗಳಲ್ಲಿ ಬಹುಪಾಲು ವಾತಾವರಣದಲ್ಲೇ ಇಂಗಿಹೋಗುತ್ತವೆ. ತಿರುಪತಿಯಲ್ಲಿ ಡಾ. ಹರಿನಾರಾಯಣ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ಹೆಚ್ಚು ಫಲ ಕಂಡದ್ದು ಹಗಲು 11ರಿಂದ 2 ಗಂಟೆಯೊಳಗೆ. ನಮ್ಮ ಮುದುಕರು ಪಡಸಾಲೆಯ ನೆರಳಿಗೆ ಸರಿಯುವುದು ಸರಿಯಾಗಿ ಆ ಹೊತ್ತಿಗೇ. ಹೊರಗಿದ್ದರೂ ರುಮಾಲು, ತುಂಬುತೋಳಿನ ಅಂಗಿ, ಸೆರಗು ಮೈಮುಚ್ಚಿರುತ್ತವೆ. ಇದರ ಮೇಲೆ ವಯಸ್ಸಿನದೂ ಒಂದು ಪಾಲಿದೆ. ಎಂಬತ್ತರ ಆಸುಪಾಸಿನವರ ಚರ್ಮ ಎಳೆಯರ ಚರ್ಮದ ಅರ್ಧದಷ್ಟನ್ನೂ ತಯಾರಿಸಲಾರದೆಂದು ಮ್ಯಾಕ್‌ಲಾಫ್ಲಿನ್ ಮತ್ತು ಹೋಲಿಕ್ 1985ರಲ್ಲೇ ತೋರಿಸಿದರು.

ಬಿಸಿಲಿನ ಜೊತೆಗೆ ತಾಟನ್ನೂ ನೋಡಬೇಕು. ನೂರು ಗ್ರಾಂ ಜೋಳದಲ್ಲಿ ಸುಣ್ಣದ ಅಂಶ ಮೂವತ್ತು ಮಿಲಿಗ್ರಾಂ ಕೂಡ ಇಲ್ಲ; ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸಾವಿರ. ಮೇಲಾಗಿ ಕಾಳುಕಡಿಗಳಲ್ಲಿನ ಫೈಟೇಟ್ ಎಂಬ ಅಂಶ ಇದ್ದ ಸುಣ್ಣವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಸುಣ್ಣ ಕಡಿಮೆಯಾದರೆ ಶರೀರ ತನ್ನಲ್ಲಿರುವ ವಿಟಮಿನ್ ಡಿಯನ್ನು ಬೇಗ ಖರ್ಚುಮಾಡುತ್ತದೆಂಬುದು 1987ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ಗೊತ್ತಾಯಿತು. ಹಾಗಾಗಿ ಮಜ್ಜಿಗೆ, ಮೊಸರು ದುಬಾರಿಯಾದ ಮನೆಯಲ್ಲಿ ವಿಟಮಿನ್ ಡಿ ಗುಳಿಗೆಯೊಂದೇ ಎಲುಬನ್ನು ಕಾಯದು. ಸಂಕ್ರಾಂತಿಯ ಸಜ್ಜೆ ರೊಟ್ಟಿಗೆ ಹಚ್ಚುವ ಎಳ್ಳು, ಊಟಕ್ಕೆ ಇಡುವ ಗುರೆಳ್ಳ ಹಿಂಡಿ ಸುಣ್ಣವುಳ್ಳ ಪದಾರ್ಥಗಳು. ಇವು ಹಬ್ಬಕ್ಕಷ್ಟೇ ಅಲ್ಲ, ಹಿರಿಯರ ನಿತ್ಯದ ಊಟಕ್ಕೂ ಸೇರಬೇಕು.

ವಿಟಮಿನ್ ಡಿ ಮುಪ್ಪನ್ನೇ ನಿಧಾನಿಸುತ್ತದೆಂಬ ಮಾತು ಈಗ ಜೋರಾಗಿದೆ. ಅದಕ್ಕೆ ಆಧಾರ ಇಲ್ಲವೆನ್ನಲಾಗದು. ಅಮೆರಿಕದ ವೈಟಲ್ ಎಂಬ ಅಧ್ಯಯನದ ಸುಮಾರು ಸಾವಿರ ಜನರಲ್ಲಿ, ದಿನಕ್ಕೆ 2,000 ಯೂನಿಟ್ ಪಡೆದವರ ವರ್ಣತಂತುಗಳ ತುದಿ, ಅಂದರೆ ಟೆಲೊಮಿಯರ್, ನಾಲ್ಕು ವರ್ಷಗಳಲ್ಲಿ ಕಡಿಮೆ ಸವೆದಿತ್ತೆಂದು 2025ರಲ್ಲಿ ವರದಿಯಾಯಿತು. ಆದರೆ ತುದಿ ಉದ್ದ ಉಳಿದರೆ ಬಾಳು ಗಟ್ಟಿಯಾಯಿತೆಂದು ಅರ್ಥವಲ್ಲ. ಅದೇ ಅಧ್ಯಯನದ 25,871 ಜನರಲ್ಲಿ ಕ್ಯಾನ್ಸರ್, ಹೃದಯಾಘಾತ ಕಡಿಮೆಯಾಗಲಿಲ್ಲ. ಮೂಳೆಮುರಿತವೂ ಇಳಿಯಲಿಲ್ಲವೆಂದು 2022ರ ವರದಿ ಹೇಳಿತು. ಅವರಲ್ಲಿ ಹೆಚ್ಚಿನವರಿಗೆ ಮೊದಲಿಂದಲೂ ಕೊರತೆ ಇರಲಿಲ್ಲ, ಆ ಫಲಿತಾಂಶ ನಮಗೆ ಹೇಗೆ ಹೊಂದೀತು ಎಂದು ಕೇಳಬಹುದು. ಆಕ್ಷೇಪ ನ್ಯಾಯವಾದದ್ದೇ. ಅದರಿಂದ ಹೊರಡುವ ನಿಲುವೂ ಇಷ್ಟೇ: ಕೊರತೆ ಇದ್ದವರಿಗೆ ತುಂಬಿಕೊಡುವುದು ಚಿಕಿತ್ಸೆ, ತುಂಬಿದ ಮೇಲೂ ಸುರಿಯುವುದು ಚಿಕಿತ್ಸೆಯಲ್ಲ.

ಇಲಿಗಳ ಜೀವಶಾಸ್ತ್ರ ಇದನ್ನು ಇನ್ನೂ ಸ್ಪಷ್ಟಮಾಡುತ್ತದೆ. ಜಪಾನಿನ ಕುರೊ-ಒ ಮತ್ತು ಸಂಗಡಿಗರು 1997ರಲ್ಲಿ ಕ್ಲೋಥೋ ಎಂಬ ವಂಶವಾಹಿ ಕೆಟ್ಟ ಇಲಿಗಳು ಅಕಾಲದಲ್ಲೇ ಮುದಿಯಾಗಿ ಸಾಯುವುದನ್ನು ಕಂಡರು. ಅವುಗಳ ಮೈಯಲ್ಲಿ ಸಕ್ರಿಯ ವಿಟಮಿನ್ ಡಿ ಮಿತಿಮೀರಿತ್ತು. ಆಹಾರದಲ್ಲಿ ವಿಟಮಿನ್ ಡಿ ತಗ್ಗಿಸಿದಾಗ ಬಹಳಷ್ಟು ಲಕ್ಷಣಗಳು ಹಿಂದೆ ಸರಿದವು. ಇನ್ನೊಂದೆಡೆ, ವಿಟಮಿನ್ ಡಿಗೆ ಸ್ಪಂದಿಸುವ ಗ್ರಾಹಕವನ್ನೇ ತೆಗೆದ ಇಲಿಗಳಿಗೂ ಬೇಗ ಮುಪ್ಪು ಬಂತು. ಕಡಿಮೆಯಾದರೂ ಕೇಡು, ಹೆಚ್ಚಾದರೂ ಕೇಡು. ಇಲಿಯ ಮಾತು ಮನುಷ್ಯರಿಗೆ ನೇರವಾಗಿ ಒಪ್ಪುವುದಿಲ್ಲ, ನಿಜ. ಆದರೆ ಆಸ್ಟ್ರೇಲಿಯಾದಲ್ಲಿ ಎಪ್ಪತ್ತು ದಾಟಿದ 2,256 ಮಹಿಳೆಯರ ಮೇಲೆ ನಡೆದ ಪ್ರಯೋಗವೂ ಎಚ್ಚರಿಸುತ್ತದೆ. ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ಪಡೆದವರು ಪಡೆಯದವರಿಗಿಂತ ಹೆಚ್ಚು ಬಿದ್ದರು, ಹೆಚ್ಚು ಎಲುಬು ಮುರಿದುಕೊಂಡರು. 2010ರ ಈ ವರದಿಯನ್ನು, ಮೊಣಕಾಲು ನೋವಿಗೆಂದು ಆರು ಲಕ್ಷ ಯೂನಿಟ್ಟಿನ ಇಂಜೆಕ್ಷನ್ ಬೇಡುವವರೂ ಕೊಡುವವರೂ ಓದಬೇಕು. ವಾರಕ್ಕೊಂದು ಅರವತ್ತು ಸಾವಿರ ಯೂನಿಟ್ಟಿನ ಪುಡಿಗೂ ವೈದ್ಯರು ಹೇಳಿದ ಗಡುವು ಇರಬೇಕು.

ಹಿರಿಯರು ದಿನವೂ ಗುಳಿಗೆ ನೆನಪಿಡಲಾರರು, ಮೇ ತಿಂಗಳ ನಡುಹಗಲಲ್ಲಿ ಅವರನ್ನು ಹೊರಗೆ ಕೂರಿಸಿದರೆ ಬಿಸಿಲು ಬಡಿದೀತು ಎಂಬ ಆತಂಕಗಳೂ ಇವೆ. ಎರಡನೆಯದಕ್ಕೆ ನೆರಳೇ ಉತ್ತರ: ನಮ್ಮ ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾದಾಗ ಬೇಕಾದ ಕಿರಣ ಸಾಕಷ್ಟು ಇಳಿಯುತ್ತಿರುತ್ತದೆ. ಬೇಸಿಗೆಯಲ್ಲಿ ಇಲ್ಲಿ ಒಂಬತ್ತೂವರೆಯ ಹೊತ್ತಿಗೇ ಹಾಗಾಗುತ್ತದೆ; ಕೈಕಾಲು ತೆರೆದು ಸ್ವಲ್ಪ ಹೊತ್ತು ಕೂತು ಒಳಗೆ ಬಂದುಬಿಡಬಹುದು. ಡಿಸೆಂಬರಿನಲ್ಲಿ ಮಾತ್ರ ಹನ್ನೊಂದು ದಾಟಬೇಕು. ಮೊದಲನೆಯದಕ್ಕೆ ಮನೆಯವರೇ ಹೊಣೆಯಾಗಬೇಕು, ಬಿ.ಪಿ. ಗುಳಿಗೆಯ ಜೊತೆಗೇ ಕೊಡಬೇಕು. ಎಪ್ಪತ್ತು ದಾಟಿದವರಿಗೆ ದಿನಕ್ಕೆ 800 ಯೂನಿಟ್ ಸಾಕೆಂದು ಅಮೆರಿಕದ ವೈದ್ಯಕೀಯ ಸಂಸ್ಥೆ ಹೇಳಿದೆ. ಎಪ್ಪತ್ತೈದು ಮೀರಿದವರಿಗೆ ರಕ್ತಪರೀಕ್ಷೆಯಿಲ್ಲದೆಯೇ ಸಣ್ಣ ಪ್ರಮಾಣದಲ್ಲಿ ದಿನವೂ ಕೊಡಬಹುದೆಂದು ಹಾರ್ಮೋನು ತಜ್ಞರ ಸಂಘವಾದ ಎಂಡೊಕ್ರೈನ್ ಸೊಸೈಟಿ 2024ರಲ್ಲಿ ಸೂಚಿಸಿತು. ಮೂತ್ರಪಿಂಡದ ಕಲ್ಲು ಅಥವಾ ಕಾಯಿಲೆ ಇದ್ದವರು ಮೊದಲು ವೈದ್ಯರನ್ನು ಕೇಳಬೇಕು. ಉಳಿದವರು ರಕ್ತಪರೀಕ್ಷೆಗೆ ಸುರಿಯುವ ದುಡ್ಡನ್ನು ಹಾಲಿಗೂ ಎಳ್ಳಿಗೂ ಹಾಕಲಿ.