ಊರಿನ ಮೋಟಾರು, ನಮ್ಮ ಪಗಾರ
(ಹೈದರಾಬಾದಿನ ಕನ್ನಡ ಕೆಲಸಗಾರರ ಕೂಟದಲ್ಲಿ ಮಾಡಿದ ಭಾಷಣ)



ವಿದ್ಯುಚ್ಛಕ್ತಿಯ ಉಳಿತಾಯದ ಮೇಲೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಕೊಡಿಸಿದ್ದಾರೆ. ನಾನು ಇಂಜಿನಿಯರನಲ್ಲ, ಗಿರಣಿಯಲ್ಲಿ ಫಿಟ್ಟರಾಗಿದ್ದವನು. ಆದ್ದರಿಂದ ಕಂಡದ್ದನ್ನು ಮಾತ್ರ ಹೇಳುತ್ತೇನೆ.

ನನ್ನ ಊರು ಹುಕ್ಕೇರಿ ತಾಲ್ಲೂಕಿನಲ್ಲಿದೆ. ಹತ್ತಿರವೇ ಗೋಕಾಕ ಜಲಪಾತ. 1887ರಷ್ಟು ಹಿಂದೆಯೇ ಅಲ್ಲಿ ನೀರಿನ ಬಲದಿಂದ ಗಿರಣಿಯ ಚಕ್ರ ತಿರುಗಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. ಗಿರಣಿಗೂ ಗಣಿಗೂ ಇಷ್ಟು ಬೇಗ ಬಂದ ಶಕ್ತಿ, ನಡುವೆ ಇದ್ದ ರೈತನ ಹೊಲಕ್ಕೆ ಬರಲು ಎಷ್ಟೋ ದಶಕ ಹಿಡಿಯಿತು. ಹಳ್ಳಿಗೆ ತಂತಿ ಎಳೆದರೆ ಲಾಭವಿಲ್ಲ ಎಂಬುದು ಕಂಪೆನಿಗಳ ಲೆಕ್ಕ. ಅಮೆರಿಕದಲ್ಲಿಯೂ ಹೀಗೇ ಇತ್ತು. 1935ರ ಹೊತ್ತಿಗೆ ಅಲ್ಲಿಯ ಹತ್ತು ರೈತ ಮನೆಗಳಲ್ಲಿ ಒಂಬತ್ತಕ್ಕೆ ದೀಪವಿರಲಿಲ್ಲ. ಆಗ ಸರಕಾರ ಸಾಲ ಕೊಟ್ಟಿತು, ರೈತರೇ ಸಹಕಾರಿ ಸಂಘ ಕಟ್ಟಿ ಕಂಬ ನೆಟ್ಟರು.

ಅದೇ ಮಾದರಿಯನ್ನು ಅನುಸರಿಸಿ, 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಹುಟ್ಟಿದಾಗ ನಮ್ಮ ದೇಶದಲ್ಲಿ ಐದು ಕಡೆ ಪ್ರಯೋಗ ನಡೆಯಿತು. ಅದರಲ್ಲಿ ಒಂದು ನಮ್ಮ ಹುಕ್ಕೇರಿ. ಇನ್ನೊಂದು, ಇಲ್ಲಿಂದ ಬಸ್ಸಿನಲ್ಲಿ ಅರ್ಧ ದಿನದೊಳಗೆ ಮುಟ್ಟುವ ಸಿರಿಸಿಲ್ಲ, ಸಾವಿರಾರು ವಿದ್ಯುತ್ ಮಗ್ಗಗಳ ಊರು. ಇವೆರಡೂ ಇಂದಿಗೂ ನಡೆದಿವೆ. ಮಹಾರಾಷ್ಟ್ರದ ಮುಳಾ-ಪ್ರವರಾ ಸಂಘ ಮಾತ್ರ 2011ರಲ್ಲಿ ವಿತರಣೆಯ ಹಕ್ಕನ್ನೇ ಕಳೆದುಕೊಂಡಿತು. ಸಹಕಾರಿ ಸಂಘವೂ ಸಾಯಬಹುದು ಎಂಬುದನ್ನು ಮರೆಯದಿರೋಣ.

ಈಗ ನನ್ನ ಮನೆಯ ಕಥೆಗೆ ಬರುತ್ತೇನೆ. ಅಣ್ಣನಿಗೆ ಬಾವಿಯಿದೆ, ಸ್ವಲ್ಪ ಕಬ್ಬು ಇದೆ. ಒಂದು ಬೇಸಿಗೆಯಲ್ಲಿ ಮೂರು ಸಲ ಫೋನು ಬಂತು: “ತಮ್ಮಾ, ಮೋಟಾರ ಸುಟ್ಟೈತಿ, ರೊಕ್ಕ ಕಳಸು.” ಮೂರು ಸಲವೂ ಕಳಿಸಿದೆ. ಹಬ್ಬಕ್ಕೆ ಹೋದವನು ಬಾವಿಗಿಳಿದು ನೋಡಿದೆ. ಮಂಜೂರಾದದ್ದು ಐದು ಎಚ್‌.ಪಿ., ಕೂರಿಸಿದ್ದು ಏಳೂವರೆ! “ಎಲ್ಲಾರೂ ಹಂಗ ಮಾಡ್ಯಾರ, ನಾ ಒಬ್ಬನ ಏನು?” ಎಂದ ಅಣ್ಣ. ಅದು ಸುಳ್ಳಲ್ಲ. ಎಲ್ಲರೂ ಹಾಗೆ ಮಾಡಿದ್ದರಿಂದಲೇ ಟ್ರಾನ್ಸ್‌ಫಾರ್ಮರಿನ ಮೇಲೆ ಹೊರೆ ಬಿದ್ದು, ವೋಲ್ಟೇಜು ಇಳಿದು, ಎಲ್ಲರ ಮೋಟಾರೂ ಸುಡುತ್ತಿತ್ತು. ಸುಟ್ಟ ಮೋಟಾರಿಗೆ ಅಗ್ಗದಲ್ಲಿ ಹೊಸ ಸುತ್ತು ಹಾಕಿಸಿದರೆ ಅದು ಮೊದಲಿಗಿಂತ ಹೆಚ್ಚು ವಿದ್ಯುತ್ತು ಕುಡಿದು ಕಡಿಮೆ ನೀರೆತ್ತುತ್ತದೆ. ಜೊತೆಗೆ ಕಿರಿದಾದ ಹಳೆಯ ಕಬ್ಬಿಣದ ಕೊಳವೆ, ತುಕ್ಕು ಹಿಡಿದ ಫುಟ್‌ವಾಲ್ವು. ಇಂಥ ಬಾವಿಗಳಲ್ಲಿ ನೂರು ಪಾಲು ವಿದ್ಯುತ್ತಿಗೆ ಇಪ್ಪತ್ತೈದು ಮೂವತ್ತು ಪಾಲಿನ ಕೆಲಸ ಆದರೆ ಅದೇ ಪುಣ್ಯ.

ಅಣ್ಣನಿಗೆ ಬಿಲ್ಲಿನ ಭಯವಿಲ್ಲ. ಕರ್ನಾಟಕದಲ್ಲಿ 2008ರಿಂದ ಹತ್ತು ಎಚ್‌.ಪಿ.ವರೆಗಿನ ಪಂಪಿಗೆ ವಿದ್ಯುತ್ತು ಪುಕ್ಕಟೆ. ತೆಲಂಗಾಣದಲ್ಲಿ 2018ರ ಜನವರಿಯಿಂದ ಹೊಲಕ್ಕೆ ಇಪ್ಪತ್ತನಾಲ್ಕು ತಾಸಿನ ಪುಕ್ಕಟೆ ಸರಬರಾಜು ಬಂತು. ರೈತನ ಕಷ್ಟ ಬಲ್ಲ ನಾನು ಇದನ್ನು ಕಿತ್ತುಕೊಳ್ಳಿರೆಂದು ಹೇಳಲಾರೆ. ಆದರೆ ಪುಕ್ಕಟೆಯಾದದ್ದು ಯೂನಿಟ್ಟು ಮಾತ್ರ. ಸುಟ್ಟ ತಂತಿಯ ದುಡ್ಡನ್ನು ಯಾವ ಸರಕಾರವೂ ಕೊಡಲಿಲ್ಲ; ಅದು ನಮ್ಮಂಥವರ ಪಗಾರದಿಂದ ಹೋಯಿತು. ಇನ್ನು ಸಂಘ? ಅದು ಕೊಂಡ ವಿದ್ಯುತ್ತಿಗೆ ಹಣ ತೆರಲೇಬೇಕು, ಪಂಪಿನ ಪಾಲಿಗೆ ಸರಕಾರದ ಸಹಾಯಧನವನ್ನು ನೆಚ್ಚಿಕೊಂಡಿರಬೇಕು. ಮೀಟರಿಲ್ಲದ ಪಂಪು ಎಷ್ಟು ತಿಂದಿತು, ದಾರಿಯಲ್ಲಿ ಎಷ್ಟು ಸೋರಿತು ಎಂಬುದು ಅಂದಾಜಿನ ಲೆಕ್ಕ.

ಸೋರುವುದೆಂದರೇನು? ಹೊಟೇಲಿನ ಗೆಳೆಯರಿಗೆ ಸುಲಭವಾಗಿ ತಿಳಿಯುತ್ತದೆ. ಅಡಿಗೆಮನೆ ದೂರವಿದ್ದಷ್ಟೂ ಸಾಂಬಾರು ಆರುತ್ತದೆ. ತಂತಿ ಉದ್ದವಾದಷ್ಟೂ, ಅದರಲ್ಲಿ ಹರಿಯುವ ಪ್ರವಾಹ ಹೆಚ್ಚಿದಷ್ಟೂ ಶಕ್ತಿ ಬಿಸಿಯಾಗಿ ಹೋಗುತ್ತದೆ. ಪ್ರವಾಹವನ್ನು ಅರ್ಧ ಮಾಡಿದರೆ ನಷ್ಟ ಕಾಲು ಭಾಗಕ್ಕಿಳಿಯುತ್ತದೆ. ಅದಕ್ಕೆ ಉಪಾಯ, 11,000 ವೋಲ್ಟಿನ ತಂತಿಯನ್ನು ಹೊಲದ ಹತ್ತಿರಕ್ಕೇ ತಂದು, ಎರಡು ಮೂರು ಪಂಪಿಗೊಂದು ಸಣ್ಣ ಟ್ರಾನ್ಸ್‌ಫಾರ್ಮರು ಇಡುವುದು. ಖರ್ಚಿದೆ, ನಿಜ. ಇದರಲ್ಲಿ ಇನ್ನೊಂದು ಗುಣವೂ ಉಂಟು: ಮೂರೇ ಮನೆಯವರ ಟ್ರಾನ್ಸ್‌ಫಾರ್ಮರಿಗೆ ಕಳ್ಳ ಕೊಂಡಿ ಹಾಕಲು ಬಂದವನನ್ನು ಆ ಮೂವರೇ ಓಡಿಸುತ್ತಾರೆ.

ದೀಪದ ಮಾತು ಬೇಗ ಮುಗಿಸುತ್ತೇನೆ. ಅರವತ್ತು ವಾಟಿನ ಹಳೆಯ ಬಲ್ಬು ದಿನಕ್ಕೆ ಐದು ತಾಸು ಉರಿದರೆ ತಿಂಗಳಿಗೆ 9 ಯೂನಿಟ್ಟು. ಅಷ್ಟೇ ಬೆಳಕಿನ ಒಂಬತ್ತು ವಾಟಿನ ಎಲ್‌ಇಡಿಗೆ ಒಂದೂವರೆ ಯೂನಿಟ್ಟೂ ಬೇಡ. 2015ರಲ್ಲಿ ಸರಕಾರ ಇದನ್ನು ದೇಶಾದ್ಯಂತ ಅಗ್ಗವಾಗಿ ಹಂಚಿತು. ಜನ ಒಪ್ಪಿದರು, ಏಕೆಂದರೆ ಬಿಲ್ಲು ಅವರದೇ ಆಗಿತ್ತು.

ಪಂಪಿನ ವಿಷಯದಲ್ಲಿ ಉಳಿಸಿದವನಿಗೆ ಏನು ಸಿಕ್ಕೀತು? ಇದಕ್ಕೆ ಸೂರ್ಯನಿಂದ ಒಂದು ಉತ್ತರ ಬಂದಿದೆ. 2014ರಲ್ಲಿ ಕರ್ನಾಟಕ ಸರಕಾರ ‘ಸೂರ್ಯರೈತ’ ಯೋಜನೆ ಹೂಡಿ, ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಬಿಸಿಲಿನ ಪಂಪುಗಳನ್ನು ತಂತಿಗೆ ಜೋಡಿಸಿತು. 2016ರಲ್ಲಿ ಗುಜರಾತಿನ ಧುಂಡಿ ಎಂಬ ಹಳ್ಳಿಯಲ್ಲಿ ಆರೇ ಜನ ರೈತರು ಸಂಘ ಕಟ್ಟಿ, ನೀರೆತ್ತಿ ಮಿಕ್ಕ ಸೌರವಿದ್ಯುತ್ತನ್ನು ಕಂಪೆನಿಗೆ ಮಾರತೊಡಗಿದರು. ಅಲ್ಲಿ ಪಂಪು ನಿಲ್ಲಿಸಿದ ತಾಸಿಗೂ ದುಡ್ಡು! ಬರಿಯ ಸೌರ ಪಂಪು ಕೊಟ್ಟು, ಮಾರುವ ದಾರಿ ಕೊಡದಿದ್ದರೆ ಮಾತ್ರ ಬಿಸಿಲಿರುವಷ್ಟು ಹೊತ್ತೂ ನೀರೆತ್ತಿ ಬಾವಿ ಬತ್ತಿಸಿಬಿಡುತ್ತಾರೆ ಎಂಬುದು ನನ್ನ ಅಂಜಿಕೆ. 2019ರಲ್ಲಿ ಕೇಂದ್ರ ಸರಕಾರ ತಂದ ಕುಸುಮ್ ಯೋಜನೆಯಲ್ಲಿ ಈ ಎರಡೂ ದಾರಿಗಳಿವೆ. ಯಾವುದನ್ನು ಹಿಡಿಯಬೇಕೆಂದು ನಮ್ಮ ಊರ ಸಂಘದವರು ಕೂತು ಯೋಚಿಸಬೇಕು.

ಹುಕ್ಕೇರಿಯಲ್ಲಾಗಲಿ ಸಿರಿಸಿಲ್ಲದಲ್ಲಾಗಲಿ ಆಡಳಿತ ಮಂಡಳಿಯ ಚುನಾವಣೆ ಬಂತೆಂದರೆ ವಿಧಾನಸಭೆಯ ಚುನಾವಣೆಯಷ್ಟೇ ಗದ್ದಲ. ಫುಟ್‌ವಾಲ್ವಿನ ಮಾತೆತ್ತಿ ಮತ ಕೇಳಿದವರನ್ನು ಮಾತ್ರ ನಾನು ಕಂಡಿಲ್ಲ.

ಅಣ್ಣ ಕೊನೆಗೆ ಐದು ಎಚ್‌.ಪಿ.ಯ, ಐದು ಸ್ಟಾರಿನ ಪಂಪು ಕೂರಿಸಿದ, ಅಗಲವಾದ ಪಿ.ವಿ.ಸಿ. ಕೊಳವೆ ಹಾಕಿಸಿದ. ಆ ಹಣವೂ ನನ್ನದೇ ಅನ್ನಿ. ಕಳೆದೆರಡು ಬೇಸಿಗೆ ಫೋನು ಬಂದಿಲ್ಲ. ಬಂದರೂ ಮಕ್ಕಳ ಸಮಾಚಾರಕ್ಕೆ. ಪಕ್ಕದ ಹೊಲದವರು ಇನ್ನೂ ಏಳೂವರೆಯಲ್ಲೇ ಇದ್ದಾರೆ, ಆದ್ದರಿಂದ ವೋಲ್ಟೇಜು ಪೂರ್ತಿ ಸರಿಹೋಗಿಲ್ಲ.

ಹಬ್ಬಕ್ಕೆ ಊರಿಗೆ ಹೋಗುವವರು ಮೋಟಾರಿನ ಮೇಲಿನ ಫಲಕವನ್ನು ಓದಿ, ಮಂಜೂರಾತಿ ಕಾಗದವನ್ನೂ ನೋಡಿ, ಎರಡನ್ನೂ ಬರೆದುಕೊಂಡು ಬನ್ನಿ. ನಾನು ಭಾನುವಾರ ಸಂಜೆ ಇಲ್ಲೇ ಇರುತ್ತೇನೆ; ಒಬ್ಬೊಬ್ಬರದೇ ಲೆಕ್ಕ ಹಾಕೋಣ.