ಮೂತ್ರಕೋಶದ ಆಪರೇಷನ್ ಆದ ಮೇಲೆ: ಗಂಡ ಹೆಂಡಿರಿಗೆ ನಾಲ್ಕು ಮಾತು

(ನಮ್ಮ ಆಸ್ಪತ್ರೆಯ ಶುಶ್ರೂಷಾ ವಿಭಾಗದ ಹಿರಿಯ ಸಿಸ್ಟರ್ ಒಬ್ಬರು ರೋಗಿಗಳ ಮನೆಯವರಿಗಾಗಿ ಮಾಡಿದ ಭಾಷಣದ ಬರಹರೂಪ)

 

ರೋಗಿಗಳಿಗೆ ಹೇಳಬೇಕಾದ್ದನ್ನು ಡಾಕ್ಟರು ವಾರ್ಡಿನಲ್ಲಿಯೇ ಹೇಳುತ್ತಾರೆ. ನನ್ನ ಮಾತು ಮಂಚದ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ರಾತ್ರಿ ಕಳೆಯುವ ನಿಮಗಾಗಿ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಕಡೆಯಿಂದ ಬುತ್ತಿ ಕಟ್ಟಿಕೊಂಡು ಬಂದು ಕುಳಿತಿದ್ದೀರಿ. ನಿಮ್ಮನ್ನು 'ನೀವು ಹೇಗಿದ್ದೀರಿ' ಎಂದು ಯಾರೂ ಕೇಳಿರಲಿಕ್ಕಿಲ್ಲ.

ಬಾಯಿ ಕ್ಯಾನ್ಸರ್, ಸ್ತನ ಕ್ಯಾನ್ಸರ್ ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಮೂತ್ರಕೋಶದ ಕ್ಯಾನ್ಸರ್ ಎಂದರೆ 'ಕಿಡ್ನಿಯದಾ?' ಎನ್ನುತ್ತಾರೆ. ಮೂತ್ರಪಿಂಡ ಅಂದರೆ ಕಿಡ್ನಿ ಬೇರೆ, ಮೂತ್ರಕೋಶ ಬೇರೆ. ಕಿಡ್ನಿಯಲ್ಲಿ ಸೋಸಿದ ಮೂತ್ರ ಬಂದು ನಿಲ್ಲುವ ಚೀಲವೇ ಮೂತ್ರಕೋಶ. ನಟ ಶಿವರಾಜ್‌ಕುಮಾರ್ ಅವರಿಗೆ 2024ರ ಡಿಸೆಂಬರ್ 24ರಂದು ಅಮೆರಿಕದ ಮಯಾಮಿಯಲ್ಲಿ ಡಾ. ಮುರುಗೇಶನ್ ಮನೋಹರನ್ ಅವರ ತಂಡ ಆಪರೇಷನ್ ಮಾಡಿದಾಗಲೂ ಇದೇ ಗೊಂದಲವಾಯಿತು. ಕಿಡ್ನಿ ಬದಲಾಯಿಸಿದರು ಎಂದು ಸುದ್ದಿ ಹಬ್ಬಿತು. ಅಪ್ಪು ಪ್ರತಿಮೆ ನಿಲ್ಲಿಸಿಕೊಂಡ ನಮ್ಮ ಹೊಸಪೇಟೆಗೆ ಆ ಮನೆತನದ ಸುದ್ದಿ ಎಂದರೆ ಸ್ವಂತ ಮನೆಯ ಸುದ್ದಿ ಇದ್ದಂತೆ, ಎಷ್ಟೋ ಜನ ಊಟ ಬಿಟ್ಟರು. 2025ರ ಜನವರಿ 1ರಂದು ಅವರೂ ಅವರ ಪತ್ನಿ ಗೀತಾ ಅವರೂ ಜೊತೆಗೆ ಕುಳಿತು ವಿಡಿಯೊದಲ್ಲಿ ಮಾತಾಡಿದರು. ಕಿಡ್ನಿ ಅಲ್ಲ, ಮೂತ್ರಕೋಶ ತೆಗೆದು ಹೊಸದನ್ನು ಮಾಡಿದ್ದಾರೆ ಎಂದು ಅವರೇ ಬಿಡಿಸಿ ಹೇಳಿದರು. ರಿಪೋರ್ಟುಗಳಲ್ಲಿ ಕ್ಯಾನ್ಸರ್ ಇಲ್ಲವೆಂದು ಬಂದಿದ್ದನ್ನು ಗೀತಾ ಅವರು ತಿಳಿಸಿದರು.

ಅಷ್ಟು ಹಣ, ಅಷ್ಟು ದೂರದ ಆಸ್ಪತ್ರೆ ನಮಗೆ ಇಲ್ಲ, ನಿಜ. ಆದರೆ ಗಂಡ ಹೆಂಡತಿ ಇಬ್ಬರೂ ಕುಳಿತು, ಉಚ್ಚೆಗೆ ಸಂಬಂಧಿಸಿದ ಕಾಯಿಲೆಯನ್ನು ನಾಚಿಕೆಪಡದೆ ನಾಲ್ಕು ಜನರ ಮುಂದೆ ಹೇಳಿದರಲ್ಲ, ಅದಕ್ಕೆ ಹಣ ಬೇಕಿಲ್ಲ.

ನಾಚಿಕೆಯಿಂದಲೇ ನಮ್ಮಲ್ಲಿ ಬಹಳ ಕೆಡುತ್ತದೆ. ಈ ಕಾಯಿಲೆಯ ಮೊದಲ ಗುರುತು ನೋವಿಲ್ಲದೆ ಮೂತ್ರದಲ್ಲಿ ರಕ್ತ ಹೋಗುವುದು. ಒಂದು ದಿನ ಹೋಗುತ್ತದೆ, ಹದಿನೈದು ದಿನ ನಿಲ್ಲುತ್ತದೆ. ನಮ್ಮ ಬಳ್ಳಾರಿ ಬಿಸಿಲಿನಲ್ಲಿ 'ಉಷ್ಣ ಆಗೈತಿ' ಎಂದು ಎಳನೀರು, ಬಾರ್ಲಿ ನೀರು ಕುಡಿಯುತ್ತಾ ತಿಂಗಳುಗಳು ಕಳೆಯುತ್ತವೆ. ಬೀಡಿ, ಸಿಗರೇಟು ಸೇದುವವರಲ್ಲಿ ಇದು ಹೆಚ್ಚು. ಸೇದದವರಿಗೂ ಬರುತ್ತದೆ, ಹೆಣ್ಣುಮಕ್ಕಳಿಗೂ ಬರುತ್ತದೆ.

ಇನ್ನು ಮುಚ್ಚಿಡುವ ವಿಷಯ. 'ಅವರಿಗೆ ಹೇಳಬ್ಯಾಡ್ರಿ ಸಿಸ್ಟರ್, ಎದಿ ಒಡಕೊಂತಾರ' ಎಂದು ಬಾಗಿಲ ಹೊರಗೆ ನಿಂತು ನನ್ನ ಕೈ ಹಿಡಿದವರು ಎಷ್ಟು ಜನವೋ. ಪ್ರೀತಿಯಿಂದಲೇ ಹೇಳುತ್ತೀರಿ. ಆದರೆ ಈ ಆಪರೇಷನ್ ಮುಚ್ಚಿಡುವಂಥದ್ದಲ್ಲ. ಎಚ್ಚರವಾದ ಮೇಲೆ ಹೊಟ್ಟೆಯ ಮೇಲೆ ಚೀಲ ಕಂಡಾಗ ಅವರಿಗೆ ಯಾರು ಉತ್ತರ ಕೊಡಬೇಕು? ಮೊದಲೇ ಹೇಳಿ, ಜೊತೆಗೇ ಡಾಕ್ಟರ ಮುಂದೆ ಕುಳಿತುಕೊಳ್ಳಿ.

ಥಿಯೇಟರಿಗೆ ಹೋಗುವಾಗ ಒಂದು ಕಷ್ಟ ಬರುತ್ತದೆ. ಮೈಮೇಲೆ ಲೋಹ ಇರಬಾರದು. ತಾಳಿ, ಕಾಲುಂಗುರ, ಬೆಳ್ಳಿಯ ಕರಡಿಗೆ ಎಲ್ಲ ತೆಗೆಯಬೇಕು. ಕೊರಳ ತಾಳಿ ತೆಗೆಯುವಾಗ ಅಳುವ ತಾಯಂದಿರನ್ನು ನೋಡಿದ್ದೇನೆ. ಗಂಡನಾದವನು ತಾನೇ ಅರಿಶಿನದ ದಾರ ಕಟ್ಟಿದರೆ ಆಕೆಗೆ ಧೈರ್ಯ. ಇಷ್ಟಲಿಂಗವನ್ನು ಕರಡಿಗೆಯಿಂದ ತೆಗೆದು ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಬಹುದೇ ಎಂದು ಹಿಂದಿನ ದಿನವೇ ಡಾಕ್ಟರನ್ನು ಕೇಳಿ. ಆಗದು ಎಂದರೆ ನಿಮ್ಮ ಕೈಯಲ್ಲಿ ಹಿಡಿದು ಹೊರಗೆ ಕುಳಿತುಕೊಳ್ಳಿ. ಬೆಳಿಗ್ಗೆ ಸ್ಟ್ರೆಚರ್ ಬಂದ ಮೇಲೆ ವಾದ ಬೇಡ.

ಮೂತ್ರಕೋಶ ಪೂರ್ತಿ ತೆಗೆದ ಮೇಲೆ ಸಾಮಾನ್ಯವಾಗಿ ಎರಡು ದಾರಿ. ಒಂದು, ಸಣ್ಣ ಕರುಳಿನ ತುಂಡನ್ನು ಹೊಟ್ಟೆಯ ಬಲಭಾಗಕ್ಕೆ ತಂದು ಬಾಯಿ ಮಾಡುವುದು; ಅದಕ್ಕೆ ಸ್ಟೋಮಾ ಎನ್ನುತ್ತಾರೆ. ಮೂತ್ರ ಹಗಲೂ ರಾತ್ರಿ ಹನಿಯುತ್ತಲೇ ಇರುತ್ತದೆ, ಅದರ ಮೇಲೆ ಚೀಲ ಅಂಟಿಸಬೇಕು. ಇನ್ನೊಂದು, ಸುಮಾರು ಎರಡು ಅಡಿಯಷ್ಟು ಕರುಳಿನಿಂದ ಒಳಗೇ ಹೊಸ ಮೂತ್ರಕೋಶ ಹೊಲಿಯುವುದು. ಯಾರಿಗೆ ಯಾವುದು ಎಂಬುದು ಗಂಟು ಇರುವ ಜಾಗ, ಕಿಡ್ನಿಯ ಶಕ್ತಿ, ವಯಸ್ಸು ನೋಡಿ ತೀರ್ಮಾನವಾಗುತ್ತದೆ.

ಹೊಸ ಮೂತ್ರಕೋಶ ಇದ್ದವರ ಮನೆಯವರೇ, ನಿಮಗೆ ನಿದ್ದೆಗೇಡು ತಪ್ಪಿದ್ದಲ್ಲ. ಕರುಳಿಗೆ ತುಂಬಿದ್ದು ತಿಳಿಯುವುದಿಲ್ಲ, ಮೊದಲಿನಂತೆ ಅವಸರ ಆಗುವುದಿಲ್ಲ. ನಳಿಕೆ ತೆಗೆದ ಮೇಲೆ ಮೊದಲ ವಾರಗಳಲ್ಲಿ ಎರಡು ಮೂರು ತಾಸಿಗೊಮ್ಮೆ ಮೊಬೈಲಿನಲ್ಲಿ ಅಲಾರಂ ಇಟ್ಟು ಎಬ್ಬಿಸಬೇಕು, ರಾತ್ರಿಯೂ. ಗಂಡಸರೂ ಕುಳಿತು, ಹೊಟ್ಟೆ ಮೆಲ್ಲಗೆ ಒತ್ತಿ, ಸಾವಕಾಶವಾಗಿ ಮೂತ್ರ ಮಾಡಬೇಕು. ಹಾಸಿಗೆ ಒದ್ದೆಯಾಗುತ್ತದೆ. ಹಗಲಿನದು ಬೇಗ ಹತೋಟಿಗೆ ಬರುತ್ತದೆ, ರಾತ್ರಿಯದು ತಿಂಗಳುಗಟ್ಟಲೆ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಚಾದರ ಬದಲಾಯಿಸುವಾಗ ನಿಮ್ಮ ಮುಖ ಹೇಗಿದೆ ಎಂದು ಅವರು ನೋಡುತ್ತಿರುತ್ತಾರೆ. ಮೂತ್ರದಲ್ಲಿ ಲೋಳೆಯ ಎಳೆಗಳು ಬಂದರೆ ಕೀವು ಎಂದು ಹೆದರಬೇಡಿ. ಕರುಳಿನ ಗುಣವೇ ಅದು. ಲೋಳೆ ಕಟ್ಟಿಕೊಂಡು ಮೂತ್ರ ನಿಂತರೆ ಮಾತ್ರ ತಡಮಾಡದೆ ಬನ್ನಿ.

ಚೀಲ ಇದ್ದವರು ಅದು ಅರ್ಧ ತುಂಬುವ ಮೊದಲೇ ಖಾಲಿ ಮಾಡಬೇಕು, ಇಲ್ಲವಾದರೆ ಭಾರಕ್ಕೆ ಕಿತ್ತುಕೊಳ್ಳುತ್ತದೆ. ಚೀಲ ಬದಲಾಯಿಸಲು ಬೆಳಿಗ್ಗೆ ಚಹಾ ಕುಡಿಯುವ ಮುಂಚಿನ ಹೊತ್ತು ಒಳ್ಳೆಯದು, ಆಗ ಮೂತ್ರ ಕಡಿಮೆ. ಸ್ಟೋಮಾ ಕೆಂಪಗೆ, ತೇವವಾಗಿ ಇರಬೇಕು; ಮುಟ್ಟಿದರೆ ನೋವಾಗುವುದಿಲ್ಲ. ಕಪ್ಪಾದರೆ, ಜ್ವರ ಚಳಿ ಬಂದರೆ, ವಾಂತಿ ನಿಲ್ಲದಿದ್ದರೆ ರಾತ್ರಿಯಾದರೂ ಸರಿ ಬರಬೇಕು. ನಮ್ಮ ಬೇಸಿಗೆಯ ಬೆವರಿಗೆ ಅಂಟು ಬೇಗ ಬಿಡುತ್ತದೆ. ಹೊಸ ಚೀಲಗಳನ್ನು ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ಇಡಬೇಡಿ. ಹೊಳೆಯಾಚೆ ಗಂಗಾವತಿ ಕಡೆಯಿಂದ ಬರುವವರು ಮಳೆಗಾಲಕ್ಕೆ ಮೊದಲೇ ಹೆಚ್ಚು ಚೀಲ ತಂದಿಟ್ಟುಕೊಳ್ಳಿ. ಡ್ಯಾಮಿನ ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುವುದು ನಿಮಗೇ ಗೊತ್ತು.

ಈಗ ನನ್ನನ್ನು ಬಹಳ ಜನ ಮೆಲ್ಲಗೆ ಕೇಳುವ ಪ್ರಶ್ನೆ. ಹೊಟ್ಟೆಯ ಮೇಲೆ ಉಚ್ಚೆಯ ಚೀಲ ಇಟ್ಟುಕೊಂಡು ಲಿಂಗಪೂಜೆ ಮಾಡಬಹುದೇ, ದೇವರ ಮನೆಗೆ ಹೋಗಬಹುದೇ? ಮಾಡಬಹುದು. ಲಿಂಗಧಾರಿಗೆ ಪಂಚಸೂತಕಗಳೇ ಇಲ್ಲ ಎಂದವರು ನಮ್ಮ ಶರಣರು. ಜನನ, ಮರಣ, ಮುಟ್ಟು, ಎಂಜಲು, ಜಾತಿ ಯಾವುದೂ ತಾಗದ ಲಿಂಗಕ್ಕೆ ನಿಮ್ಮ ಯಜಮಾನರ ಚೀಲ ತಾಗುತ್ತದೆಯೇ? ಪೂಜೆ ಬಿಟ್ಟು ಮೂಲೆಯಲ್ಲಿ ಚಾಪೆ ಹಾಕಿಕೊಂಡು, ತಟ್ಟೆ ಲೋಟ ಬೇರೆ ಇಟ್ಟುಕೊಂಡು ಕೊರಗುವ ಹಿರಿಯರಿದ್ದಾರೆ. ಮನೆಯವರು ಬೇರೆ ಮಾಡಿರುವುದಿಲ್ಲ, ತಾವೇ ಮಾಡಿಕೊಂಡಿರುತ್ತಾರೆ. ಎಬ್ಬಿಸಿ ಕರೆತರುವ ಕೆಲಸ ನಿಮ್ಮದು. ಸ್ನಾನ ಮಾಡಬಹುದು, ಕ್ಯಾನ್ಸರ್ ಅಂಟುರೋಗವಲ್ಲ, ಜೊತೆಗೆ ಉಣ್ಣಬಹುದು, ಜಾತ್ರೆಗೂ ಹೋಗಬಹುದು.

ದಾಂಪತ್ಯದ ಮಾತೂ ಹೇಳಿಬಿಡುತ್ತೇನೆ. ಈ ಆಪರೇಷನ್ ನಂತರ ಗಂಡಸರಿಗೆ ಶಕ್ತಿ ಕುಂದಬಹುದು, ಹೆಂಗಸರಿಗೆ ನೋವಾಗಬಹುದು. ಅದನ್ನು ಬೇಸರ, ತಿರಸ್ಕಾರ ಎಂದು ತಪ್ಪು ತಿಳಿಯಬೇಡಿ. ಔಷಧ ಉಂಟು, ಡಾಕ್ಟರನ್ನು ಕೇಳಿ.

ಖರ್ಚಿನ ವಿಷಯದಲ್ಲಿ ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸೌಲಭ್ಯವಿದೆ. ಬೆಂಗಳೂರಿನ ಕಿದ್ವಾಯಿಗೆ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಹೋಗುವವರು ರೈಲ್ವೆಯ ಕ್ಯಾನ್ಸರ್ ರಿಯಾಯಿತಿ ಫಾರಂ ತುಂಬಿಸಿಕೊಳ್ಳಿ. ಸ್ಲೀಪರಿನಲ್ಲಿ ರೋಗಿಗೆ ಟಿಕೆಟ್ ದರ ಇಲ್ಲ, ಜೊತೆಗೆ ಬರುವ ಒಬ್ಬರಿಗೆ ಮುಕ್ಕಾಲು ಪಾಲು ರಿಯಾಯಿತಿ. ಶೌಚಾಲಯಕ್ಕೆ ಹತ್ತಿರದ ಕೆಳಗಿನ ಬರ್ತ್ ಕೇಳಿ.

ಕೊನೆಗೆ ನಿಮ್ಮ ಸ್ವಂತದ್ದು. ನಿಮ್ಮ ಬಿಪಿ, ಶುಗರ್ ಮಾತ್ರೆ ತಪ್ಪಿಸಬೇಡಿ. ಚೀಲ ಬದಲಾಯಿಸುವುದನ್ನು ಮಗನಿಗೋ ಸೊಸೆಗೋ ಕಲಿಸಿ, ಮುಖ್ಯವಾಗಿ ರೋಗಿಗೇ ಕಲಿಸಿ. ವಾರಕ್ಕೊಂದು ರಾತ್ರಿಯಾದರೂ ಬೇರೆಯವರನ್ನು ಕೂರಿಸಿ ನೀವು ಮಲಗಿ.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು. ಎಲ್ಲರ ಮುಂದೆ ಸಂಕೋಚವಾದರೆ ಡ್ರೆಸ್ಸಿಂಗ್ ಕೋಣೆಯ ಹೊರಗೆ ಕುಳಿತಿರಿ, ಪ್ರಸಾದ ಮುಗಿಸಿ ನಾನೇ ಬರುತ್ತೇನೆ. ಶರಣು.